ನಾಯಿಕೊಡೆಗೆ ಯಾವ ರಾಜ್ಯ?

ಅಣಬೆಗೆ ನಾಯಿಕೊಡೆ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮರಾಠಿಯವರು ಅದನ್ನೇ ‘ಕುತ್ರ್ಯಾಚೀ ಛತ್ರೀ’ ಎನ್ನುತ್ತಾರೆ, ಅರ್ಥ ಒಂದೇ. ಮರಾಠಿಯ ಇನ್ನೊಂದು ಹೆಸರಾದ ಅಳಂಬಿಯೂ ನಮ್ಮ ತುಳುವಿನ ಅಲಂಬೂ ನೆಂಟರಂತೆ ಕೇಳಿಸುತ್ತವೆ. ಮಲಯಾಳದ ಕೂಣ್ ಮಾತ್ರ ಬೇರೆ ಮನೆತನದ್ದು. ಯಾರು ಯಾರಿಂದ ಪಡೆದರೆಂಬ ತೀರ್ಮಾನ ಭಾಷಾಶಾಸ್ತ್ರಜ್ಞರಿಗಿರಲಿ.

ಸೊಲ್ಲಾಪುರ, ಅಕ್ಕಲಕೋಟೆಗಳ ಹೆಸರು ಹೇಳಿದರೆ ಅಣಬೆ ನೆನಪಾಗುವುದಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು; ಕಾಸರಗೋಡಿನಲ್ಲಿ ಅದು 3000ವನ್ನು ದಾಟುತ್ತದೆ. ನಮಗೆ ಜೂನ್-ಜುಲೈಯಲ್ಲಿ ಸುರಿಯುವ ಮಳೆ ಅವರಿಗೆ ಹೆಚ್ಚಾಗಿ ಬರುವುದು ಸೆಪ್ಟೆಂಬರಿನಲ್ಲಿ. ಆದರೆ ಒಣನೆಲಕ್ಕೂ ಅದರದೇ ಅಣಬೆಗಳಿವೆ. ದಖ್ಖನದ ಹುತ್ತಗಳ ಮೇಲೆ ಮಳೆ ಬಿದ್ದ ಬಳಿಕ ಏಳುವ ಪೊಡಾಕ್ಸಿಸ್ ಅಂಥದೊಂದು. ಇದು ಬಿಚ್ಚದ ಕೊಡೆ: ಹೊರಗೆ ಬಿಳಿ ಪೊರೆ, ಬಲಿತ ಮೇಲೆ ಒಳಗೆಲ್ಲ ಕಪ್ಪು ಪುಡಿ. ಭಾರತದಿಂದ ಹೋದ ಮಾದರಿಯನ್ನು ನೋಡಿ ಲಿನೇಯಸ್ 1771ರಲ್ಲೇ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ರಾಜಸ್ಥಾನದ ಮರುಭೂಮಿಯಲ್ಲಿ ಎಳೆಯದನ್ನು ‘ಖುಂಬಿ’ ಎಂದು ಕರೆದು ಪಲ್ಯ ಮಾಡುತ್ತಾರೆ.

ಎಲ್ಲಿ ಯಾವ ಅಣಬೆ ಕಂಡಿತೆಂದು ದೇಶದ ಮಟ್ಟದಲ್ಲಿ ಪಟ್ಟಿ ಮಾಡಿದವರು ಬಟ್ಲರ್ ಮತ್ತು ಬಿಸ್ಬಿ; ಅವರ ‘ಭಾರತದ ಶಿಲೀಂಧ್ರಗಳು’ 1931ರಲ್ಲಿ ಇಂಗ್ಲಿಷಿನಲ್ಲಿ ಬಂತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು, ಅಕ್ಕಲಕೋಟೆ ಒಂದು ಸಂಸ್ಥಾನ. ನಮಗೆ ಹತ್ತಿರವಾದ ಕೆಲಸ ನಡೆದದ್ದು ಪುಣೆಯಲ್ಲಿ. ಶಂಕರ ಪುರುಷೋತ್ತಮ ಆಘಾರಕರರು 1946ರಲ್ಲಿ ಕಟ್ಟಿದ ಮಹಾರಾಷ್ಟ್ರ ವಿಜ್ಞಾನ ಸಂವರ್ಧನ ಸಂಸ್ಥೆ (1992ರಿಂದ ಅದಕ್ಕೆ ಅವರದೇ ಹೆಸರು) 1980ರಲ್ಲಿ ನೈಋತ್ಯ ಭಾರತದ ಅಣಬೆಗಳ ಮೇಲೆ ಒಂದು ಗ್ರಂಥ ಪ್ರಕಟಿಸಿತು. ಸಾಠೆಯವರು ದೇಶಪಾಂಡೆ, ಕುಲಕರ್ಣಿ, ಡೇನಿಯಲ್ ಇವರೊಡನೆ ಬರೆದ ಮೂರು ಭಾಗಗಳು: ಮಹಾರಾಷ್ಟ್ರ, ಕರ್ನಾಟಕ, ಕೇರಳ. ನಮ್ಮ ಗಡಿನಾಡುಗಳೆರಡೂ ಒಂದೇ ರಟ್ಟಿನೊಳಗೆ ಸೇರಿದ ಅಪರೂಪದ ಪುಸ್ತಕವಿದು!

ಇನ್ನೊಂದು ಅಂಥ ಪುಸ್ತಕವಿದೆ. 1967ರ ಮಹಾಜನ ಆಯೋಗದ ವರದಿ. ಚಂದ್ರಗಿರಿಯ ಉತ್ತರದ ಕಾಸರಗೋಡೂ ಅಕ್ಕಲಕೋಟೆಯೂ ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಅದು ಹೇಳಿತು. ಮುಂದೇನಾಯಿತೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಅಣಬೆಯ ಪಟ್ಟಿಯನ್ನು ರಾಜ್ಯವಾರು ಹಂಚುವುದು ವಿಜ್ಞಾನಿಗಳಿಗೆ ಅನುಕೂಲ. ಆದರೆ ಅಕ್ಕಲಕೋಟೆಯಿಂದ ಆಳಂದಕ್ಕೋ ಅಫಜಲಪುರಕ್ಕೋ ಹೋಗುವಾಗ ನೆಲ ಬದಲಾಗುವುದಿಲ್ಲ. ಅದೇ ಎರೆ ಹೊಲ, ಅದೇ ಜೋಳ, ತೊಗರಿ. ಸಂಗ್ರಾಹಕರ ಕಾಲು ಹೆಚ್ಚಾಗಿ ಎಳೆದದ್ದು ಮಳೆ ಸುರಿಯುವ ಸಹ್ಯಾದ್ರಿಯ ಕಡೆಗೆ. ಕೇರಳದ ಪಟ್ಟಿಯಂತೂ ಕಲ್ಲಿಕೋಟೆ ವಿಶ್ವವಿದ್ಯಾಲಯದವರ ದುಡಿಮೆಯಿಂದ 600 ಪ್ರಭೇದಗಳನ್ನು ಮೀರಿ ಬೆಳೆದಿದೆ. ನಕಾಶೆಯಲ್ಲಿ ಚುಕ್ಕೆಗಳು ದಟ್ಟವಾಗಿರುವುದು ಅಣಬೆ ಹೆಚ್ಚಿರುವಲ್ಲಿ ಮಾತ್ರವಲ್ಲ, ಹುಡುಕುವವರು ನಡೆದಾಡಿದಲ್ಲಿ.

ಈಗ ಮೊಬೈಲಿನಲ್ಲಿ ಚಿತ್ರ ತೆಗೆದರೆ ಅಕ್ಷಾಂಶ-ರೇಖಾಂಶ ತಾನಾಗಿ ದಾಖಲಾಗುತ್ತದೆ. ದಾಖಲಾಗದೆ ಉಳಿಯುವುದು ಹೆಸರು. ಹೆಸರು ಬರಿಯ ಅಲಂಕಾರವಲ್ಲ. ಯಾವುದನ್ನು ಸಾರಿಗೆ ಹಾಕಬಹುದು, ಯಾವುದನ್ನು ಮುಟ್ಟಬಾರದು ಎಂಬ ಅಜ್ಜಿಯರ ತಿಳಿವಳಿಕೆ ಅದರಲ್ಲಿದೆ. ಹುಲ್ಲುಗಾವಲಿನಲ್ಲಿ ಏಳುವ ಕ್ಲೋರೋಫಿಲ್ಲಮ್ ನೋಡಲು ಅಚ್ಚ ಬಿಳಿ, ಬಲಿತಾಗ ಅಡಿಯ ಪದರಗಳು ಹಸಿರಾಗುತ್ತವೆ. ತಿಂದವರಿಗೆ ವಾಂತಿ-ಭೇದಿ ತಪ್ಪದು.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಅದರಲ್ಲಿ ಸ್ಥಳೀಯ ಹೆಸರಿಗೊಂದು ಅಂಕಣವಿದೆ. ಮಹಾರಾಷ್ಟ್ರದಲ್ಲಿ ಕಚೇರಿಯ ಭಾಷೆ ಮರಾಠಿ, ನಮ್ಮಲ್ಲಿ ಮಲಯಾಳ. ಆದರೆ ಮನೆಯಲ್ಲಿ ಕನ್ನಡವಾಡುವ ಅಕ್ಕಲಕೋಟೆಯ ರೈತನ ಮಾತೂ ಸ್ಥಳೀಯವೇ. ಸೆಪ್ಟೆಂಬರಿನ ಮಳೆಗೆ ಅಲ್ಲಿಯ ಕನ್ನಡ ಶಾಲೆಯ ಮಕ್ಕಳು ಒಂದೊಂದು ಚೀಟಿಯಲ್ಲಿ ತಾರೀಖು, ಕಂಡ ಜಾಗ (ಹುತ್ತವೋ ತಿಪ್ಪೆಯೋ), ಮನೆಯವರು ಹೇಳುವ ಹೆಸರು ಇಷ್ಟನ್ನು ಬರೆದುಕೊಟ್ಟರೆ ಆ ಅಂಕಣಕ್ಕೆ ಸಾಕು.