ಲಾಯದ ಕಡೆಗೊಂದು ನೋಟ

ವಿಜಯನಗರದ ಅರಸರು ಕುದುರೆಗಳಿಗೆ ಸುರಿದ ಹೊನ್ನಿನ ಬಗ್ಗೆ ನೀವು ಓದಿದ್ದೀರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಬೆಲೆ ತೆರುತ್ತಿದ್ದನೆಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ.

ಆದರೆ ಬದುಕಿ ಬಂದವುಗಳನ್ನು ಸಾಕುವುದು? ವಿಜಯನಗರಕ್ಕೂ ಮೊದಲು, 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಅನ್ನ, ಮಾಂಸ ಬೇಯಿಸಿ ತಿನ್ನಿಸುತ್ತಿದ್ದರು, ಆರೈಕೆ ಬಲ್ಲವರಿರಲಿಲ್ಲ ಎನ್ನುತ್ತಾನೆ. ಲಾಳ ಕಟ್ಟುವವರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ! ಕುದುರೆ ಸತ್ತರೆ ತಾನೆ ಮರುವರ್ಷದ ಮಾರಾಟ?

ಈ ಮಾತನ್ನು ಇಡೀ ದಕ್ಷಿಣಕ್ಕೆ ಅನ್ವಯಿಸಬೇಡಿ. ಕುದುರೆಗಳ ವೈದ್ಯ ಕುರಿತು ಅಭಿನವಚಂದ್ರ ಕನ್ನಡದಲ್ಲೇ ಗ್ರಂಥ ಬರೆದಿದ್ದಾನೆ. ಬೇಯಿಸಿದ ಹುರುಳಿಯಂತೂ ನಮ್ಮ ಲಾಯಗಳ ಹಳೆಯ ಆಹಾರ; ಇಂಗ್ಲಿಷರು ಆ ಕಾಳಿಗೆ ‘ಹಾರ್ಸ್ ಗ್ರಾಮ್’ ಎಂದೇ ಹೆಸರಿಟ್ಟರು.