ಎಲ್ಲಾ ಡೇಟಾಬೇಸಿಗೂ ಒಂದೇ ಬಾಗಿಲು

ಡೆಲ್ಫಿಯಲ್ಲಿ ಕೋಡ್ ಬರೆದೇ ಮೆಲ್ಬರ್ನಿನಲ್ಲಿ ಸಂಸಾರ ಹೂಡಿದವಳು ನಾನು. ಮೈಸೂರಿನಲ್ಲಿ ಟರ್ಬೊ ಪ್ಯಾಸ್ಕಲ್ ಕಲಿತಿದ್ದರಿಂದ, 1995ರಲ್ಲಿ ಬೋರ್ಲ್ಯಾಂಡ್ ತಂದ, ಅದೇ ಪ್ಯಾಸ್ಕಲ್ ಭಾಷೆಯ ಡೆಲ್ಫಿ ನನಗೆ ಪರಕೀಯ ಅನ್ನಿಸಲೇ ಇಲ್ಲ. ಫಾರಂ ಮೇಲೆ ಒಂದು ಟೇಬಲ್, ಒಂದು ಡೇಟಾಸೋರ್ಸ್, ಒಂದು ಗ್ರಿಡ್ ತಂದಿಟ್ಟರೆ ಗಿರಾಕಿಯ ಲೆಕ್ಕವೆಲ್ಲ ಪರದೆಗೆ ಬಂದುಬಿಡುತ್ತಿತ್ತು.

ಆ ಸುಲಭಕ್ಕೆ ಬೆಲೆಯೂ ಇತ್ತು. ಬೋರ್ಲ್ಯಾಂಡ್ ಡೇಟಾಬೇಸ್ ಎಂಜಿನ್ ಅನ್ನು ಪ್ರತಿ ಪಿಸಿಯಲ್ಲೂ ಹಾಕಿ ಸೆಟಪ್ ಮಾಡಬೇಕಿತ್ತು. ಒಂದೊಂದು ಬಟನ್ನಿನ ಹಿಂದೆಯೂ ಎಸ್‌ಕ್ಯೂಎಲ್ ಅಡಗಿರುತ್ತಿತ್ತು. ಡೇಟಾಬೇಸ್ ಬದಲಾಯಿತೆಂದರೆ ಇಡೀ ಪ್ರೋಗ್ರಾಂ ಬಿಚ್ಚಿ ಕೂರಬೇಕು. 2001ರ ಡೆಲ್ಫಿ 6ರಲ್ಲಿ ಕಂಪನಿಯೇ ಡಿಬಿಎಕ್ಸ್‌ಪ್ರೆಸ್ ಎಂಬ ಬೇರೆ ದಾರಿ ತೋರಿಸಿದಾಗ ಹಳೆಯ ಕೋಡ್ ನಂಬಿದ್ದ ಚಿಕ್ಕ ಅಂಗಡಿಗಳಿಗೆ ದಿಗಿಲಾಯಿತು.

ಇದಕ್ಕೊಂದು ಉತ್ತರ ನಮ್ಮೂರಿನಲ್ಲೇ ತಯಾರಾಗಿತ್ತು. ಮೆಲ್ಬರ್ನಿನ ಟೆಕ್‌ಇನ್‌ಸೈಟ್ ಎಂಬ ಸಣ್ಣ ಕಂಪನಿಯ ಪೀಟರ್ ಹಿನ್ರಿಕ್ಸನ್ ಕಟ್ಟಿದ 'ಟಿಐಓಪಿಎಫ್' ಅದು. ಆಬ್ಜೆಕ್ಟುಗಳನ್ನು ಡೇಟಾಬೇಸಿಗೆ ಇಳಿಸುವ, ಮತ್ತೆ ಎತ್ತುವ ಫ್ರೇಮ್‌ವರ್ಕ್. ಮೂಲ ಕೋಡ್ ಎಲ್ಲರಿಗೂ ಮುಕ್ತ. ಗಿರಾಕಿ, ಬಿಲ್ಲು, ವಿಳಾಸ ಎಲ್ಲವೂ TtiObject ಎಂಬ ಕ್ಲಾಸಿನ ಮಕ್ಕಳು. ತಮ್ಮನ್ನು ಎಲ್ಲಿ ಉಳಿಸಿಡುತ್ತಾರೆ ಎಂಬುದು ಅವಕ್ಕೆ ಗೊತ್ತೇ ಇರುವುದಿಲ್ಲ. ಮನೆಮನೆಗೆ ಹೋಗಿ ಜನಗಣತಿ ಬರೆದುಕೊಳ್ಳುವ ಮೇಷ್ಟ್ರ ಹಾಗೆ 'ವಿಸಿಟರ್' ಒಂದೊಂದು ಆಬ್ಜೆಕ್ಟಿನ ಬಳಿಗೂ ಹೋಗಿ ವಿವರ ಪಡೆದು ಡೇಟಾಬೇಸಿಗೆ ಮುಟ್ಟಿಸುತ್ತದೆ. 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಲ್ಲಿದ್ದ ಈ ಉಪಾಯವನ್ನು ಹಿನ್ರಿಕ್ಸನ್ ದಿನನಿತ್ಯದ ದುಡಿಮೆಗೆ ಹಚ್ಚಿದರು. ಇಂಟರ್‌ಬೇಸ್, ಎಡಿಓ, ಎಕ್ಸ್‌ಎಂಎಲ್, ಸಿಎಸ್‌ವಿ ಒಂದೊಂದಕ್ಕೂ ಒಂದೊಂದು ಪದರ. ಬೇಕಾದ ಪದರದ ಯೂನಿಟ್ ಅನ್ನು uses ಸಾಲಿಗೆ ಸೇರಿಸಿದರೆ ಅದು ತಾನೇ ನೋಂದಾಯಿಸಿಕೊಳ್ಳುತ್ತದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕೋಡ್ ನಾನು ಓದಿಲ್ಲ.

ಅದೇ ಹೊತ್ತಿಗೆ ಸಿಡ್ನಿ ರಾಜಧಾನಿಯಾಗಿರುವ ನ್ಯೂ ಸೌತ್ ವೇಲ್ಸ್ ಇನ್ನೊಂದು ದೊಡ್ಡ ಕೆಲಸಕ್ಕೆ ನೆಲೆಯಾಯಿತು. 2000ದ ಜುಲೈನಲ್ಲಿ ಬೋರ್ಲ್ಯಾಂಡ್ ತನ್ನ ಡೇಟಾಬೇಸ್ ಇಂಟರ್‌ಬೇಸ್ 6ರ ಮೂಲ ಕೋಡ್ ತೆರೆದಿಟ್ಟಿತು, ಆಮೇಲೆ ಮನಸ್ಸು ಬದಲಿಸಿತು. ಅಷ್ಟರಲ್ಲಿ ಜನ ಅದನ್ನು ಎತ್ತಿಕೊಂಡು 'ಫೈರ್‌ಬರ್ಡ್' ಎಂದು ಹೆಸರಿಟ್ಟಾಗಿತ್ತು. ಕೋಡ್ ತೆರೆದದ್ದರ ಫಲ ಬೇಗ ಕಂಡಿತು: ಹಲವು ವರ್ಷಗಳಿಂದ ಒಳಗೆ ಅವಿತಿದ್ದ ಹಿಂಬಾಗಿಲ ಪಾಸ್‌ವರ್ಡ್ 2001ರ ಜನವರಿಯಲ್ಲಿ ಬಯಲಾಯಿತು. 'ಪೊಲಿಟಿಕಲಿ' ಎಂಬ ಬಳಕೆದಾರ, 'ಕರೆಕ್ಟ್' ಎಂಬ ಪಾಸ್‌ವರ್ಡ್, ಅಷ್ಟೇ! ಮುಚ್ಚಿಟ್ಟ ಕೋಡನ್ನು ನಂಬಿ ಎಷ್ಟು ಕಚೇರಿಗಳು ಗುಟ್ಟಿನ ಲೆಕ್ಕಗಳನ್ನು ಅದರಲ್ಲಿ ತುಂಬಿದ್ದವೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಫೈರ್‌ಬರ್ಡಿಗೆ ಹಣ ಕೂಡಿಸುವ ಫೌಂಡೇಶನ್ ನೋಂದಣಿಯಾದದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ. ಅದರ ಹಿಂದಿನ ಬಲ ಹೆಲೆನ್ ಬೋರಿ. 2004ರಲ್ಲಿ ಅವರ 'ದ ಫೈರ್‌ಬರ್ಡ್ ಬುಕ್' ಬಂತು. ಸಾವಿರ ಪುಟ ದಾಟಿದ ಆ ದಪ್ಪ ಪುಸ್ತಕ ನನ್ನ ಮೇಜು ಬಿಟ್ಟು ಕದಲಿದ್ದೇ ಕಡಿಮೆ. ಎಂಜಿನ್ ಬರೆದವರಿಗೆ ಸಲ್ಲುವ ಗೌರವ ಕೈಪಿಡಿ ಬರೆದವರಿಗೂ ಸಲ್ಲಬೇಕು. ಬೋರಿಯವರ ಹೆಸರನ್ನು ನಾನು ಮೊದಲ ಸಾಲಿನಲ್ಲೇ ಇಡುತ್ತೇನೆ.

ಇಂಥ ವಿದ್ಯೆ ಕೈಯಿಂದ ಕೈಗೆ ದಾಟಿದ್ದು ಆಸ್ಟ್ರೇಲಿಯನ್ ಡೆಲ್ಫಿ ಯೂಸರ್ ಗ್ರೂಪಿನ ಮೆಲ್ಬರ್ನ್, ಸಿಡ್ನಿ ಸಭೆಗಳಲ್ಲಿ. ದುಡ್ಡು ಕೊಟ್ಟು ಕಲಿಯಲಾಗದವರಿಗೆ ಅದೇ ಪಾಠಶಾಲೆ.

ಮುಂದೆ ಗ್ರೇಮ್ ಗೆಲ್ಡನ್‌ಹೈಸ್ ಟಿಐಓಪಿಎಫ್ ಅನ್ನು ಮುಕ್ತ ಕಂಪೈಲರ್ ಆದ ಫ್ರೀ ಪ್ಯಾಸ್ಕಲ್‌ಗೂ ಒಗ್ಗಿಸಿದರು. ವಿಂಡೋಸಿಗೆ ಕಟ್ಟುಬಿದ್ದಿದ್ದ ಕ್ಲಾಸುಗಳು ಲಿನಕ್ಸ್‌ನಲ್ಲೂ ಓಡಿದವು. ನನ್ನಂಥವರಿಗೆ ಇದರಿಂದ ಇನ್ನೊಂದು ಲಾಭವಾಯಿತು. ಡೆಲ್ಫಿ 2009 ಎಂಬ ಆವೃತ್ತಿ ಬರುವವರೆಗೆ ಡೆಲ್ಫಿಯ ಫಾರಂಗಳಿಗೆ ಯೂನಿಕೋಡ್ ತಿಳಿದಿರಲಿಲ್ಲ. ಕನ್ನಡ ಹೆಸರು ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಫ್ರೀ ಪ್ಯಾಸ್ಕಲ್‌ನಲ್ಲಿ ಫಾರಂ ಕಟ್ಟುವ ಲಾಜರಸ್ ಯೂನಿಕೋಡಿನ ಯುಟಿಎಫ್-8 ರೂಪವನ್ನು ನೆಚ್ಚಿಕೊಂಡಿತು, 2006ರ ಫೈರ್‌ಬರ್ಡ್ 2.0 ಅದಕ್ಕೆ ಸರಿಯಾದ ಕ್ಯಾರೆಕ್ಟರ್ ಸೆಟ್ ಕೊಟ್ಟಿತು. ಇವೆರಡರ ನಡುವೆ ಹಿನ್ರಿಕ್ಸನ್ ಅವರ ಪದರ ಕೂರಿಸಿ, ನಮ್ಮ ಬಳಗದ ಮನೆಗಳ ಪಟ್ಟಿಯನ್ನು ಅಕಾರಾದಿಯಾಗಿ ಕನ್ನಡದಲ್ಲೇ ಇಟ್ಟಿದ್ದೇನೆ.