ಆಜ್ಞೆಯ ನುಡಿ, ಆಡುವ ನುಡಿ: ಹಾಂಗ್‌ಕಾಂಗಿನ ಆಡಳಿತ ಕ್ಯಾಂಟನೀಸ್

ಕ್ಯಾಂಟನೀಸ್ ಕಲಿಯುವವರಿಗೆ 'ಅನುಮತಿ ಇಲ್ಲ' ಎಂಬ ಅರ್ಥಕ್ಕೆ ಎರಡು ರೂಪಗಳು ಎದುರಾಗುತ್ತವೆ: ಮಾತಿನಲ್ಲಿ 'ಮ್ ಚೊನ್', ಸೂಚನಾಫಲಕದಲ್ಲಿ 'ಪತ್ ಚೊನ್'. ಧಾತು ಒಂದೇ, ನಿಷೇಧಪದ ಬೇರೆ. ಮೊದಲನೆಯದು ಆಡುನುಡಿಯದು, ಎರಡನೆಯದು ಬರಹದ ಚೀನೀ ಭಾಷೆಯಿಂದ ಬಂದು ಕ್ಯಾಂಟನೀಸ್ ಉಚ್ಚಾರಣೆ ಪಡೆದದ್ದು. ಇಂತಹ ಆಜ್ಞಾಪದಗಳನ್ನು ಬರಿಯ ಪರ್ಯಾಯಗಳೆಂದು ಕಲಿಸದೆ, ಅವುಗಳ ಚರಿತ್ರೆಯೊಡನೆ ಕಲಿಸಬೇಕೆಂಬುದು ನಮ್ಮ ವಾದ.

ದುಭಾಷಿಗಳ ಮೇಲಿನ ಅವಲಂಬನೆಯನ್ನು ತಗ್ಗಿಸಲು ವಸಾಹತು ಸರ್ಕಾರವು 1862ರಿಂದ ಬ್ರಿಟನ್ನಿನ ಕೆಡೆಟ್ ಅಧಿಕಾರಿಗಳಿಗೆ ಚೀನೀ ಭಾಷೆಯನ್ನು ಕಲಿಸತೊಡಗಿತು. 1883ರಲ್ಲಿ ಪ್ರಕಟವಾದ ಜೆ. ಡೈಯರ್ ಬಾಲ್ ಅವರ 'ಕ್ಯಾಂಟನೀಸ್ ಮೇಡ್ ಈಸಿ' ಆಡುನುಡಿಯ ಪಠ್ಯ. ಶಾಸನದ ಭಾಷೆ ಮಾತ್ರ ಇಂಗ್ಲಿಷಾಗಿಯೇ ಉಳಿಯಿತು. 1974ರ ಅಧಿಕೃತ ಭಾಷೆಗಳ ಶಾಸನವು ಚೀನೀ ಭಾಷೆಗೆ ಮಾನ್ಯತೆ ನೀಡಿತಾದರೂ ಯಾವ ಚೀನೀ ಎಂಬುದನ್ನು ನಿರ್ದಿಷ್ಟಪಡಿಸಲಿಲ್ಲ. ರೂಢಿಯಲ್ಲಿ ಮಾತಿಗೆ ಕ್ಯಾಂಟನೀಸ್, ಬರಹಕ್ಕೆ ಪ್ರಮಾಣ ಚೀನೀ ಎಂಬ ವಿಂಗಡಣೆ ನೆಲೆಗೊಂಡಿತು. ಮೊದಲ ದ್ವಿಭಾಷಾ ಕಾಯಿದೆ ಬಂದದ್ದು 1989ರಲ್ಲಿ. ಹಳೆಯ ಕಾಯಿದೆಗಳ ಅನುವಾದ ಮುಗಿದದ್ದು 1997ರಲ್ಲಿ. ಹೀಗೆ ಕಾನೂನಿನ ಆಜ್ಞಾಪದಗಳು ಬಹುಪಾಲು ಅನುವಾದದ ಮೂಲಕ, ಬರಹದ ಭಾಷೆಯಲ್ಲಿಯೇ ರೂಪುಗೊಂಡವು.

ಈ ವಿಂಗಡಣೆ ಎಲ್ಲೆಡೆ ಅಚ್ಚುಕಟ್ಟಾಗಿಲ್ಲ. ಆರೋಪಿಗೆ ಮೌನದ ಹಕ್ಕನ್ನು ತಿಳಿಸುವ ಪೊಲೀಸ್ ಎಚ್ಚರಿಕೆಯ ನುಡಿ ಆಡುಮಾತಿನ 'ಮ್' ನಿಷೇಧದಿಂದ ತೊಡಗುತ್ತದೆ. ಮುಂದೆ ಅದರಲ್ಲಿಯೇ 'ಮತ್ತು' ಎಂಬರ್ಥದ ಬರಹದ ಪದ 'ಖಪ್' ಬರುತ್ತದೆ. ಕೇಳುವವನಿಗೆ ಅರ್ಥವಾಗಬೇಕಾದ್ದರಿಂದ ಇಲ್ಲಿ ಕಾನೂನು ಮಾತಿನತ್ತ ಬಾಗಿದೆ. ಇದಕ್ಕೆ ವ್ಯತಿರಿಕ್ತವಾದುದು 2014ರ ಸೆಪ್ಟೆಂಬರ್ 28ರಂದು ಪ್ರತಿಭಟನಕಾರರ ಮುಂದೆ ಪೊಲೀಸರು ಎತ್ತಿಹಿಡಿದ ಪಟ: 'ಛುಕ್ ಲೇಯ್, ಫೌ ಚಕ್ ಹೊಯ್ ಛೊಂಗ್' — ಶೀಘ್ರ ತೆರಳಿ, ತಪ್ಪಿದಲ್ಲಿ ಗುಂಡು ಹಾರಿಸಲಾಗುವುದು. 'ಬೇಗ ಹೋಗಿ' ಎನ್ನಲು ಬೀದಿಯಲ್ಲಿ ಬಳಸುವ ಮಾತು 'ಫಾಯ್ ತಿ ಚೌ'. ಪಟದ 'ಛುಕ್ ಲೇಯ್' ಅದರೊಡನೆ ಒಂದು ಪದವನ್ನೂ ಹಂಚಿಕೊಳ್ಳುವುದಿಲ್ಲ.

ಶಾಲೆಯಲ್ಲಿ ಚೀನೀ ಬರಹವನ್ನು ಕಲಿತವರಿಗೆ ಈ ಅಂತರ ತೊಡಕಲ್ಲ. ಕ್ಯಾಂಟನೀಸನ್ನು ಸರಾಗವಾಗಿ ಆಡಿಯೂ ಓದಲಾರದವರು ಹಾಂಗ್‌ಕಾಂಗಿನ ದಕ್ಷಿಣ ಏಷ್ಯಾ ಮೂಲದ ಸಮುದಾಯಗಳಲ್ಲಿ ಹಲವರಿದ್ದಾರೆ. ಅಂಥವರಿಗೆ ಆರು ಅಕ್ಷರಗಳ ಆ ಆಜ್ಞೆಯನ್ನು ಗಟ್ಟಿಯಾಗಿ ಓದಿ ಹೇಳಿದರೂ ಅದು ಪೂರ್ಣವಾಗಿ ತಲುಪುವುದೆಂಬ ಭರವಸೆಯಿಲ್ಲ. ಆದ್ದರಿಂದ ಆಡಳಿತ ಪದಗಳ ಪಾಠದಲ್ಲಿ ಪ್ರತಿ ಆಜ್ಞೆಯನ್ನೂ ಅದರ ಆಡುರೂಪದೊಡನೆ ಜೋಡಿಯಾಗಿ ಇಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಆಜ್ಞೆಯನ್ನು ಪಾಲಿಸುವ ಹೊಣೆ ಹೊತ್ತವರಿಗೆ ಅದನ್ನು ಗ್ರಹಿಸುವ ದಾರಿಯೂ ದೊರೆಯಬೇಕು.